ಹಿಂದಿನ ಕೋಣೆಯ ಚಾಪೆ

ಎಡಗಡೆ ಕಿಬ್ಬೊಟ್ಟೆಯಲ್ಲಿ ಏನೋ ಚುಚ್ಚಿದಂತಾದಾಗ ನಾನು ಹಿಂದಿನ ಕೋಣೆಯಲ್ಲಿದ್ದೆ. ಬಾಗಿಲು ತೆರೆದೇ ಇತ್ತು. ಆದರೂ ಹೊರಗೆ ಬರುವ ಹಾಗಿರಲಿಲ್ಲ.

ವಡೋದರದ ಫತೇಗಂಜ್‌ನಲ್ಲಿ ನಮ್ಮದು ಉಡುಪಿ ಹೋಟೆಲು. ಮನೆ ಅದರ ಮೇಲೆಯೇ. ಕೆಳಗೆ ಹಾಸ್ಟೆಲಿನ ಮಕ್ಕಳು ಮತ್ತೆ ಮತ್ತೆ ಹಾಕಿಸಿಕೊಳ್ಳುವ ಸಾಂಬಾರಿನ ಪುಡಿಯನ್ನು ಮೇಲೆ ನಾನೂ ಅತ್ತೆಯೂ ಹುರಿದು ಮಾಡುತ್ತೇವೆ. ಹಾಗಾಗಿ ಮುಟ್ಟಾದರೆ ಮೂರು ದಿನ ನಾನು ಅಡುಗೆಮನೆಗೆ ಕಾಲಿಡುವಂತಿಲ್ಲ. ಹಿಂದಿನ ಕೋಣೆ, ಚಾಪೆ, ನನಗೇ ಅಂತ ಒಂದು ತಟ್ಟೆ, ಒಂದು ಲೋಟ. ನಾಲ್ಕನೆಯ ದಿನ ತಲೆಗೆ ಮಿಂದು ಒಳಗೆ. ಎಂ.ಕಾಂ. ಓದಿದವಳು ಇದನ್ನೆಲ್ಲ ಹೇಗೆ ಒಪ್ಪಿಕೊಂಡೆ ಎಂದು ಗೆಳತಿಯರು ಕೇಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಒಗ್ಗಿಹೋಯಿತು. ಒಗ್ಗಿಹೋಯಿತಲ್ಲ ಎಂದು ಈಗ ಇನ್ನೂ ಹೆಚ್ಚು ಸಿಟ್ಟು.

ನನ್ನ ಮುಟ್ಟು ಯಾವತ್ತೂ ಹೇಳಿದ ಹೊತ್ತಿಗೆ ಬಂದದ್ದಲ್ಲ. ಮದುವೆಯಾದ ಹೊಸತರಲ್ಲಿ ತಪ್ಪಿದಾಗಲೆಲ್ಲ ಅತ್ತೆಯ ಮುಖ ಅರಳುತ್ತಿತ್ತು. ಪಪ್ಪಾಯಿ ಬಂದ್, ಭಾರ ಎತ್ತುವುದು ಬಂದ್. ಆಮೇಲೆ ಒಂದು ದಿನ ನಾನು ಚಾಪೆ ಹಿಡಿದುಕೊಂಡು ಹಿಂದಿನ ಕೋಣೆಗೆ ಹೋಗುವುದನ್ನು ಮನೆಯವರೆಲ್ಲ ನೋಡುತ್ತಿದ್ದರು. ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆದ್ದರಿಂದ ಈ ಸಲ ತಪ್ಪಿದಾಗ ನಾನು ಬಾಯಿ ಬಿಡಲಿಲ್ಲ. ಅತ್ತೆಯೂ ಕೇಳುವುದನ್ನು ಎಂದೋ ಬಿಟ್ಟಿದ್ದರು. ಎದುರಿನ ಮೆಡಿಕಲ್ ಸ್ಟೋರಿನವನು ದಿನಾ ನಮ್ಮಲ್ಲೇ ಇಡ್ಲಿ ತಿನ್ನುವವನು. ಅವನ ಹತ್ತಿರ ಪ್ರೆಗ್ನೆನ್ಸಿ ಕಿಟ್ ಕೇಳಿದರೆ ಸುದ್ದಿ ನನಗಿಂತ ಮೊದಲು ಗಲ್ಲಾದಲ್ಲಿ ಕೂತ ಗಂಡನಿಗೆ ತಲುಪುತ್ತಿತ್ತು. ನಾಳೆ ಬೇರೆ ಕಡೆಯಿಂದ ತರೋಣ ಎಂದು ದಿನ ತಳ್ಳಿದೆ. ಒಳಗೊಳಗೇ ಆಸೆ ಇತ್ತು. ಆಸೆಪಡಲು ಹೆದರಿಕೆಯೂ ಇತ್ತು.

ಒಂದು ಬೆಳಿಗ್ಗೆ ರಕ್ತ ಕಂಡಿತು.

ಬಚ್ಚಲಲ್ಲೇ ಅತ್ತು ಮುಗಿಸಿ, ಬಂದು ಚಾಪೆ ಬಿಡಿಸಿದೆ.

ಆದರೆ ಈ ಸಲದ್ದು ಎಂದಿನಂತಿರಲಿಲ್ಲ. ಸ್ವಲ್ಪ ಸ್ವಲ್ಪವೇ, ಕಪ್ಪಗೆ. ನಾಲ್ಕನೆಯ ದಿನ ಮಿಂದು ಒಳಗೆ ಬಂದೆ. ಒಗ್ಗರಣೆಗೆ ಇಟ್ಟ ಎಣ್ಣೆ ಕಾಯುವ ಮೊದಲೇ ಮತ್ತೆ ಕಲೆ. ವಾಪಸು ಕೋಣೆಗೆ. ಇನ್ನೊಮ್ಮೆ ಮಿಂದೆ, ಮತ್ತೆ ಅದೇ ಕತೆ. ಅತ್ತೆ ಕೆಟ್ಟವರಲ್ಲ. ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು, ಮೆಂತ್ಯ ಸೊಪ್ಪು ಬಿಡಿಸುತ್ತ ನನಗೆ ಬೇಜಾರಾಗದಂತೆ ಮಾತಾಡುತ್ತಿದ್ದರು.

“ಎಡಗಡೆ ತುಂಬ ನೋಯ್ತದೆ ಅತ್ತೆ. ಡಾಕ್ಟರಿಗೆ ತೋರಿಸುವನಾ?”

“ಮುಟ್ಟಿನ ನೋವು ಮಾರಾಯ್ತಿ, ಮತ್ತೆಂತದು? ಒಮ್ಮೆ ನಿಲ್ಲಲಿ. ಮಿಂದು ಒಳಗೆ ಬಾ, ಮತ್ತೆ ಹೋಗುವ.”

ನಿಲ್ಲುವುದು ಯಾವಾಗ? ನಿಲ್ಲದೆ ಕೋಣೆ ಬಿಡುವಂತಿಲ್ಲ. ಕೋಣೆ ಬಿಡದೆ ಯಾಕೆ ನಿಲ್ಲುತ್ತಿಲ್ಲ ಎಂದು ತಿಳಿಯುವಂತಿಲ್ಲ. ಗಂಡ ರಾಘು ಕೆಳಗಿನಿಂದ ಫೋನ್ ಮಾಡಿ, “ಮಾತ್ರೆ ಕಳಿಸ್ಲಾ?” ಎಂದು ಕೇಳುತ್ತಿದ್ದರು. ಬಸಿರಿನ ಯೋಚನೆ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಹೊರಗೆ ಕೂತವಳು ಬಸುರಿಯಾಗಿರುವುದು ಹೇಗೆ? ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಟೆಸ್ಟ್ ಇರಲಿಲ್ಲ.

ಒಂದು ಮಧ್ಯಾಹ್ನ ನೋವು ಹೆಗಲಿನವರೆಗೆ ಬಂತು. ಎದ್ದು ನಿಂತೆ. ಕಣ್ಣು ಕತ್ತಲಾಯಿತು.

ಆಮೇಲೆ ನೆನಪಿರುವುದು ಕೊತ್ತಂಬರಿ ಹುರಿದ ವಾಸನೆ. ನನ್ನ ಕೆನ್ನೆ ಅತ್ತೆಯ ಸೀರೆಗೆ ಒತ್ತಿಕೊಂಡಿತ್ತು. ಅವರು ಹೊಸ್ತಿಲು ದಾಟಿ ಬಂದು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ರಾಘೂ, ರಿಕ್ಷಾ ತಾ!” ಎಂದು ಇಡೀ ಹೋಟೆಲಿಗೆ ಕೇಳುವಂತೆ ಕೂಗುತ್ತಿದ್ದರು.

ಎಮರ್ಜೆನ್ಸಿಯಲ್ಲಿ ಡಾಕ್ಟರಮ್ಮ ಕಳೆದ ಮುಟ್ಟು ಯಾವಾಗ ಬಂದಿತ್ತೆಂದು ಕೇಳಿದರು: “ಲಾಸ್ಟ್ ಪೀರಿಯಡ್ ಕಬ್ ಆಯಾ ಥಾ, ಬೆನ್?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಹೋಟೆಲ್ ಹಿಂದಿಯಲ್ಲಿ, “ಅಭೀ ಚಲ್ ರಹಾ ಹೈ,” ಈಗಲೇ ಮುಟ್ಟಿನಲ್ಲಿದ್ದಾಳೆ, ಎಂದರು.

“ಉಸ್ ಸೆ ಪೆಹಲೇ?”

ಅತ್ತೆ ನನ್ನ ಮುಖ ನೋಡಿದರು. ಅದರ ಮೊದಲು ತಪ್ಪಿತ್ತು ಎಂದು ಹೇಳಿದೆ. ಯೂರಿನ್ ಟೆಸ್ಟ್ ಮಾಡಿದರು.

ಪಾಸಿಟಿವ್.

ಒಂದು ಕ್ಷಣ, ಆ ನೋವಿನಲ್ಲೂ, ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಸೋನೋಗ್ರಫಿ ಮುಗಿಸಿದ ಡಾಕ್ಟರಮ್ಮ ಬೇಗ ಬೇಗ ಹೇಳಿದರು. ಗರ್ಭ ನಿಂತದ್ದು ಗರ್ಭಕೋಶದಲ್ಲಲ್ಲ, ಎಡಗಡೆಯ ಟ್ಯೂಬಿನಲ್ಲಿ. ಎಕ್ಟೋಪಿಕ್. ಟ್ಯೂಬ್ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತಿದೆ. ಮಗು ಉಳಿಯುವ ಮಾತೇ ಇಲ್ಲ, ಈಗ ತಾಯಿಯನ್ನು ಉಳಿಸಬೇಕು.

ನಿಲ್ಲಲಿ ಎಂದು ಇಷ್ಟು ದಿನ ನಾನು ಹೊರಗೆ ಕೂತು ಕಾದ ರಕ್ತ ಮುಟ್ಟಿನದಾಗಿರಲೇ ಇಲ್ಲ.

ಎಡಗಡೆಯ ಟ್ಯೂಬ್ ತೆಗೆದರು. ಬಲಗಡೆಯದು ಚೆನ್ನಾಗಿದೆಯಂತೆ. “ಮುಂದೆ ಪೀರಿಯಡ್ ತಪ್ಪಿದರೆ ಕೂಡಲೇ ಬನ್ನಿ. ರಕ್ತ ಕಂಡರೂ ಬನ್ನಿ, ಕಾಣದಿದ್ದರೂ ಬನ್ನಿ,” ಎಂದು ಡಾಕ್ಟರಮ್ಮ ರಾಘು ಕಡೆ ತಿರುಗಿ ಹೇಳಿದರು. ವಾರ್ಡಿನಲ್ಲಿ ಅತ್ತೆ ನನ್ನ ಮಂಚದ ಪಕ್ಕ ಕೂತಿರುತ್ತಿದ್ದರು. ಒಮ್ಮೆ, “ನಿಲ್ಲಲಿ ಅಂತ ನಾನೇ ಹೇಳಿದ್ದಲ್ವಾ?” ಎಂದರು. ಇರಲಿ ಬಿಡಿ ಎನ್ನಬಹುದಿತ್ತು. ನನಗೆ ಮನಸ್ಸು ಬರಲಿಲ್ಲ.

ಡಿಸ್ಚಾರ್ಜ್ ಆಗಿ ಬಂದಾಗ ಇನ್ನೂ ಸ್ವಲ್ಪ ರಕ್ತ ಹೋಗುತ್ತಿತ್ತು. ಮೆಟ್ಟಿಲು ಹತ್ತಿದ ಕಾಲು ತಾನಾಗಿ ಹಿಂದಿನ ಕೋಣೆಯ ಕಡೆ ತಿರುಗಿತು. ಅಲ್ಲಿ ಚಾಪೆ ಇರಲಿಲ್ಲ. ಕಿಟಕಿಯವರೆಗೂ ಉದ್ದಿನ ಮೂಟೆಗಳು.

“ಕೆಳಗೆ ಇಡ್ಲಿಕ್ಕೆ ಜಾಗ ಸಾಲ್ಲಿಲ್ಲ,” ಎಂದರು ಅತ್ತೆ, ನನ್ನ ಮುಖ ನೋಡದೆ. “ನೀನು ಒಳಗೆ ಬಾ.”

ಕೆಳಗಿನ ಸ್ಟೋರ್ ರೂಮಿನಲ್ಲಿ ಅರ್ಧ ಜಾಗ ಖಾಲಿ ಬಿದ್ದಿರುವುದು ನನಗೆ ಗೊತ್ತು. ಅಡುಗೆಮನೆಯಲ್ಲಿ ಒಲೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ. ಅತ್ತೆ ಕಾಫಿ ಲೋಟವನ್ನು ನೆಲದ ಮೇಲಿಟ್ಟು ದೂಡಲಿಲ್ಲ, ಕೈಗೇ ಕೊಟ್ಟರು. ಉದ್ದು ಖರ್ಚಾಗಿ ಕೋಣೆ ಖಾಲಿಯಾದಾಗ ಏನಾಗುತ್ತದೋ ಗೊತ್ತಿಲ್ಲ. ಸದ್ಯ ಬದುಕಿದ್ದೇನೆ. ಕಾಫಿ ಬಿಸಿಯಾಗಿತ್ತು.