ಏಳನೇ ಪಂಜರದ ಇಲಿ

ಊಟಿಯ ನಮ್ಮ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಇಲಿಗಳನ್ನು ನೋಡಿಕೊಳ್ಳುವವರು ತುಮ್ಮನಟ್ಟಿಯ ಮಾದಿಯಕ್ಕ. ಈ ಸಲದವು ಮನುಷ್ಯರ ಲಿವರ್ ಕಣ ಹಾಕಿ, ಹೆಪಟೈಟಿಸ್ ಬಿ ವೈರಸ್ ಕೊಟ್ಟು ಆರು ತಿಂಗಳು ಸಾಕಿದ ಇಲಿಗಳು. ಇವತ್ತು ಅವನ್ನು ಕೊಂದು ಲಿವರ್ ಪರೀಕ್ಷಿಸಬೇಕು. ನೋಡಿದರೆ ಏಳನೇ ಪಂಜರ ಖಾಲಿ!

ಹೋದ ವಾರ ಮಾದಿಯಕ್ಕ ಹೇಳಿದ್ದು ನೆನಪಾಯಿತು: ತಮ್ಮ ಬಡಗರ ಹಟ್ಟಿಯಲ್ಲಿ ಹಿಂದೆ ಯಾರಾದರೂ ಸತ್ತರೆ ಅವರ ಪಾಪವನ್ನೆಲ್ಲ ಕರುವಿನ ಮೇಲೆ ಹೊರಿಸಿ ಬಿಟ್ಟುಬಿಡುತ್ತಿದ್ದರಂತೆ.

“ಹೊರಗೆ ಬಿಟ್ಟಿರಾ ಅಕ್ಕಾ? ಬುದ್ಧಿ ಇದೆಯಾ ನಿಮಗೆ?” ಎಂದು ಕಿರುಚಿದೆ.

ಅವರು ಮೇಜಿನ ಕೆಳಗಿಂದ ಮುಚ್ಚಿದ ಡಬ್ಬಿ ತೆಗೆದಿಟ್ಟರು. ಒಳಗೆ ಇಲಿ.

“ಬಾಗಿಲವರೆಗೂ ಹೋದೆ, ಮೇಡಂ. ಕರುವಿನ ಜೊತೆ ಪಾಪ ಹೋಗುತ್ತೆ. ಇದನ್ನ ಬಿಟ್ಟರೆ ಕಾಯಿಲೆ ಹೋಗಲ್ವಲ್ಲ. ತಗೊಳ್ಳಿ. ಕೊಲ್ಲೋವಾಗ ನಾನು ಮಾತ್ರ ಹೊರಗಿರ್ತೀನಿ.”