ತಕರಾರಿನ ಮಾಮಾ

ಮಾಮಾನ ಎಡಹುಬ್ಬು ಬಲಹುಬ್ಬಿಗಿಂತ ಒಂದು ಬೆರಳು ಮೇಲಕ್ಕೇ ನಿಂತಿರುತ್ತಿತ್ತು. ಹುಟ್ಟಿನಿಂದಲೇ ಹಾಗಿತ್ತೋ, ಜಗತ್ತನ್ನು ಒಪ್ಪದೆ ಒಪ್ಪದೆ ಹಾಗೆ ನಿಂತುಹೋಯಿತೋ ಗೊತ್ತಿಲ್ಲ. ನಿದ್ದೆಯಲ್ಲಿಯೂ ಅದು ಇಳಿಯುತ್ತಿರಲಿಲ್ಲ. ರವಿವಾರ ಮಧ್ಯಾಹ್ನ ಊಟವಾದ ಮೇಲೆ ಶಹಾಬಾದ್ ಕಲ್ಲು ಹಾಸಿದ ತಣ್ಣನೆಯ ನೆಲದ ಮೇಲೆ ಬರೀ ಬನಿಯನ್ನಿನಲ್ಲಿ ಮಲಗಿರುತ್ತಿದ್ದ. ನಾವು ಮಕ್ಕಳು ಸಪ್ಪಳ ಮಾಡದೆ ದಾಟಿ ಹೋಗುವಾಗ, ಕಣ್ಣು ಮುಚ್ಚಿದ್ದರೂ ಆ ಹುಬ್ಬು ನಮ್ಮನ್ನೇ ನೋಡಿ ‘ಇದು ಸರಿ ಇಲ್ಲ’ ಅನ್ನುತ್ತಿರುವಂತೆ ಕಾಣುತ್ತಿತ್ತು.

ಅವನು ನನ್ನ ಅವ್ವನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಚಿಮ್ಮನಚೋಡದಿಂದ ವಾಡಿಗೆ ಕರೆತಂದು ತನ್ನ ಮನೆಯಲ್ಲೇ ಇಟ್ಟುಕೊಂಡ. ಚಿತ್ತಾಪುರದಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಬೆಳಿಗ್ಗೆ ಪ್ಯಾಸೆಂಜರ್ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದ. ಓಣಿಯಲ್ಲಿ, ಕಚೇರಿಯಲ್ಲಿ, ರೈಲಿನಲ್ಲಿ ಎಲ್ಲ ಕಡೆಯೂ ಅವನಿಗೆ ಒಂದೇ ಹೆಸರು: ತಕರಾರಿನ ಮನುಷ್ಯ.

ತಕರಾರುಗಳೇನೂ ದೊಡ್ಡವಲ್ಲ. ಮಿರ್ಚಿ ಭಜಿಯ ಹಿಟ್ಟನ್ನಷ್ಟೇ ತಿಂದು ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. “ಕಾಯಿ ಬ್ಯಾಡಂದ್ರ ಬರೇ ಹಿಟ್ಟು ಕರಕೊಂಡು ತಿನ್ರಿ. ಖಾಲಿಪೀಲಿ ಮೆಣಸಿನಕಾಯಿ ಮರ್ಯಾದಿ ಯಾಕ ತೆಗೀತೀರಿ?” ಎಂದು ಗುರುತಿಲ್ಲದವರಿಗೂ ಹೇಳಿಬಿಡುತ್ತಿದ್ದ. ಪುಂಡಿಪಲ್ಯಕ್ಕೆ ಬೆಲ್ಲ ಹಾಕಿದ ಮನೆಯಲ್ಲಿ ಎರಡನೇ ಸಲ ಊಟಕ್ಕೆ ಕೂಡುತ್ತಿರಲಿಲ್ಲ. ಯಾವ ಮದುವೆಗೆ, ಯಾವ ಸಭೆಗೆ ಹೋದರೂ ಹಿಂದಿನ ಸಾಲಿನಲ್ಲಿ ಕೂಡಬಾರದು. ಮುಂದೆ ಖಾಲಿ ಇಲ್ಲದಿದ್ದರೆ ಮುಂದೆಯೇ ನಿಲ್ಲುತ್ತಿದ್ದ. ನನ್ನನ್ನು ಕಾಲೇಜಿಗೆ ಸೇರಿಸಿದ ದಿನ ಕ್ಲಾಸಿನ ಬಾಗಿಲತನಕ ಬಂದು, ಎಲ್ಲ ಹುಡುಗಿಯರ ಎದುರಿಗೇ ಬೆರಳು ತೋರಿಸಿದ. “ಅಕಾ, ಮುಂದಿನ ಬೆಂಚು. ಅಲ್ಲೇ ಕುಂದ್ರು. ಯಾರರೆ ಎಬ್ಬಿಸಿದ್ರ ನನ್ನ ಹೆಸರು ಹೇಳು.” ಅವನ ಹೆಸರು ಆ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಕೂತೆ. ಮೂರು ವರ್ಷವೂ ಅಲ್ಲೇ ಕೂತೆ.

ಫೋನಿನ ವಿಷಯದಲ್ಲಂತೂ ಅವನ ಹಟ ಮನೆಯವರ ಜೀವ ಹಿಂಡುತ್ತಿತ್ತು. ಫೋನ್ ಮಾಡಿದವರೇ ‘ಯಾರು ಮಾತಾಡೋದು’ ಎಂದು ಕೇಳಬಾರದು, ತಮ್ಮ ಹೆಸರನ್ನು ಮೊದಲು ಹೇಳಬೇಕು. ಅವನ ಒಬ್ಬಳೇ ಮಗಳನ್ನು ಶಹಾಬಾದಿಗೆ ಕೊಟ್ಟಿದ್ದರು. ಅವಳ ಎರಡನೇ ಹೆರಿಗೆ ಗಂಡನ ಊರಿನಲ್ಲೇ ಆಯಿತು. ಆ ದಿನ ಬೀಗರು ಆಸ್ಪತ್ರೆಯಿಂದ ಯಾರದೋ ಫೋನಿನಲ್ಲಿ ಮಾತಾಡಿದರು.

“ಯಾರ್ರಿ ಮಾತಾಡ್ಲಿಕತ್ತೀರಿ?”

“ಫೋನ್ ಹಚ್ಚಿದಾವ್ರು ನೀವು. ಮೊದಲ ನೀವು ಹೇಳ್ರಿ.”

“ಅಲ್ರಿ, ನಂಬರ್ ಸರಿ ಅದನೋ ಇಲ್ಲೋ ನೋಡಬೇಕಲ್ರಿ. ನೀವ್ಯಾರು?”

“ನೀವ್ಯಾರು?”

ಹೀಗೇ ನಡೆದು ಬೀಗರೇ ಸಿಟ್ಟಿಗೆದ್ದು ಫೋನ್ ಇಟ್ಟರು. ಮೊಮ್ಮಗ ಹುಟ್ಟಿದ ಸುದ್ದಿ ಮರುದಿನ ಬೆಳಿಗ್ಗೆ ಪಕ್ಕದ ಮನೆಯವರಿಂದ ಗೊತ್ತಾಯಿತು. ಮಾಮಾನ ಹೆಂಡತಿ, ನಮ್ಮ ಅತ್ತಿ, ಹಣೆ ಚಚ್ಚಿಕೊಂಡು, “ಬೀಗರ ದನಿ ಗುರ್ತು ಸಿಗಲಿಲ್ಲೇನು ನಿಮಗ?” ಎಂದು ಕೇಳಿದಳು.

“ಸಿಕ್ಕಿತ್ತು,” ಅಂದ ಮಾಮಾ. “ಆದ್ರ ಪದ್ಧತಿ ಅಂದ್ರ ಪದ್ಧತಿ.”

ಆ ಬೀಗರು ಬಹಳ ದಿನ ನಮ್ಮ ಮನೆಗೆ ಬರಲಿಲ್ಲ. ಈ ಕಥೆಯನ್ನು ಇಂದಿಗೂ ನಮ್ಮವರು ನಗುತ್ತ ಹೇಳುತ್ತಾರೆ. ಮಗಳು ಮಾತ್ರ ನಗುವುದಿಲ್ಲ. ಹೆತ್ತು ಮಲಗಿದವಳು ಅಪ್ಪ ಈಗ ಬಂದಾನು, ಇನ್ನೊಂದು ಗಳಿಗೆಗೆ ಬಂದಾನು ಎಂದು ಇಡೀ ದಿನ ಬಾಗಿಲು ನೋಡಿದ್ದಳು.

ಇಂಥ ತಕರಾರುಗಳ ಸಾಲಿನಲ್ಲೇ ಚಹಾ ಕಪ್ಪಿನದೂ ಒಂದಿತ್ತು. ಮಾಮಾ ಕಾಗದದ ಕಪ್ಪಿನಲ್ಲಿ ಚಹಾ ಕುಡಿಯುತ್ತಿರಲಿಲ್ಲ. ಚೀಲದಲ್ಲಿ ಸದಾ ಒಂದು ಸ್ಟೀಲ್ ಗ್ಲಾಸು ಇರುತ್ತಿತ್ತು. ವಾಡಿ ಸ್ಟೇಷನ್ನಿನಲ್ಲಿ ಚಹಾದವನು ಬಂದರೆ ಅದನ್ನೇ ಮುಂದೆ ಹಿಡಿಯುತ್ತಿದ್ದ. ಯಾಕೆ ಎಂದು ಯಾರಾದರೂ ಕೇಳಿದರೆ “ಕಾಗದದ ವಾಸನಿ ಬರ್ತದ್ರಿ” ಎಂಬ ಒಂದೇ ಉತ್ತರ. ಜೊತೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ನಾನು ಚಿತ್ತಾಪುರದಲ್ಲಿ ಡಿಗ್ರಿ ಓದುತ್ತಿದ್ದಾಗ ಒಂದು ದಿನ ಕಾಲೇಜು ಬೇಗ ಬಿಟ್ಟಿತು. ಸಂಜೆ ರೈಲಿಗೆ ಮಾಮಾನ ಜೊತೆಗೇ ಹೋದರಾಯಿತು ಎಂದು ಅವನ ಕಚೇರಿಗೆ ಹೋಗಿ ಅವನ ಟೇಬಲ್ಲಿನ ಪಕ್ಕದ ಬೆಂಚಿನಲ್ಲಿ ಕೂತೆ. ಚಹಾದ ಹೊತ್ತಾಯಿತು. ಚಹಾ ಕೊಡುವ ಹೆಂಗಸು ಟ್ರೇ ಹಿಡಿದು ಬಂದಳು. ಒಂದೊಂದು ಟೇಬಲ್ಲಿಗೂ ಬಿಳಿ ಪಿಂಗಾಣಿ ಕಪ್ಪು, ಬಸಿ ಇಟ್ಟಳು. ಮಾಮಾನ ಟೇಬಲ್ಲಿಗೆ ಬಂದಾಗ ಕಾಗದದ ಕಪ್ಪು. ನನಗೂ ಕಾಗದದ ಕಪ್ಪು. ಬಾಗಿಲ ಬಳಿ ಪೊರಕೆ ಬದಿಗಿಟ್ಟು ನಿಂತಿದ್ದ ಕಸಗುಡಿಸುವವನಿಗೂ ಅದೇ. ಮಿಕ್ಕ ಯಾರಿಗೂ ಇಲ್ಲ.

ಮಾಮಾ ನನ್ನ ಕೈಯಲ್ಲಿದ್ದ ಕಪ್ಪನ್ನು ನೋಡಿದ. ತನ್ನ ಮುಂದೆ ಇಟ್ಟಾಗ ಪ್ರತಿದಿನ ಸುಮ್ಮನೆ ಚೀಲದಿಂದ ಗ್ಲಾಸು ತೆಗೆದು ಸುರಿದುಕೊಳ್ಳುತ್ತಿದ್ದನಂತೆ. ಅವತ್ತು ತೆಗೆಯಲಿಲ್ಲ. ಎದ್ದು ಆ ಹೆಂಗಸನ್ನು ಮೆತ್ತಗೆ ಕೇಳಿದ. “ಯಾಕವಾ, ಇಲ್ಲಿಗಿ ಆ ಕಪ್ಪು ಯಾಕಿಲ್ಲ?”

“ಕಪ್ಪು ಕಮ್ಮಿ ಬಿದ್ದಾವ್ರಿ.”

“ಕಮ್ಮಿ ಬಿದ್ದಾಗೆಲ್ಲಾ ನನಗೇ ಯಾಕ ಕಮ್ಮಿ ಬೀಳ್ತಾವ?”

ಅವಳು ತಲೆ ತಗ್ಗಿಸಿದಳು. “ನಂಗ ಯಾರೂ ಏನೂ ಹೇಳಿಲ್ರಿ ಅಣ್ಣಾ. ನಾ ಬರೋಕಿಂತ ಮೊದಲೇ ಹಿಂಗೇ ಇತ್ತು.”

ಮಾಮಾ ನೇರ ಸಾಹೇಬರ ಕೋಣೆಗೆ ಹೋದ. ಬಾಗಿಲು ತೆರೆದೇ ಇತ್ತು. ಅವನು ಏನು ಹೇಳಿದನೋ ನನಗೆ ಕೇಳಲಿಲ್ಲ, ದನಿ ಅಷ್ಟು ಸಣ್ಣಗಿತ್ತು. ಸಾಹೇಬರ ದನಿ ಇಡೀ ಕಚೇರಿಗೆ ಕೇಳಿಸಿತು.

“ಏನ್ರಿ ನಿಮ್ದು? ಮೊನ್ನೆ ಫ್ಯಾನಿನ ತಕರಾರು, ಅದರ ಹಿಂದ ಬಾಗಲ ಸಪ್ಪಳದ್ದು, ಈಗ ಕಪ್ಪಿಂದು! ನಿಮಗ ಕಾಗದದ ವಾಸನಿ ಆಗಾಂಗಿಲ್ಲ ಅಂತ ಸರ್ಕಾರ ಬಂಗಾರದ ಕಪ್ಪು ತರಬೇಕೇನು? ಹೋಗ್ರಿ, ಕೆಲಸ ನೋಡ್ರಿ.”

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಒಬ್ಬರಿಂದ ಒಬ್ಬರಿಗೆ ಆ ನಗು ಎಲ್ಲ ಟೇಬಲ್ಲಿಗೂ ಹಬ್ಬಿತು. ಆ ನಗುವಿನಲ್ಲಿ ದ್ವೇಷವಿತ್ತು ಎಂದು ಹೇಳಲಾರೆ. ದ್ವೇಷವಿದ್ದಿದ್ದರೆ ಅದನ್ನು ತೋರಿಸಿ ಜಗಳವಾದರೂ ಆಡಬಹುದಿತ್ತು. ‘ನಮ್ಮ ತಕರಾರಿನ ಮನುಷ್ಯ ಮತ್ತೆ ಶುರು ಮಾಡಿದ’ ಎಂಬ ಸಲಿಗೆಯ ನಗು ಅದು. ಮಾಮಾ ಹೊರಗೆ ಬಂದು ತನ್ನ ಚೀಲ ತೆಗೆದುಕೊಂಡ. ಎರಡು ಕಾಗದದ ಕಪ್ಪುಗಳೂ ಅಲ್ಲೇ ಆರುತ್ತ ಕೂತವು.

ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಬಹಳ ಹೊತ್ತು ತೊಗರಿ ಹೊಲಗಳನ್ನು ನೋಡಿದ. ಆಮೇಲೆ, ನಾನು ಕೇಳದೆಯೇ ಹೇಳಿದ.

“ನಮ್ಮೂರ ಹೋಟೆಲಿನ ಹೊರಗ ಒಂದು ಹಲಗಿ ಹೊಡದಿದ್ರು. ಅದರ ಮ್ಯಾಲ ನಮ್ಮ ಗಿಲಾಸು ಇರ್ತಿದ್ವು. ನಾವೇ ತಗೋಬೇಕು, ಅವಾ ಮ್ಯಾಲಿಂದ ಚಾ ಹಾಕ್ತಿದ್ದ. ಕುಡದು, ತೊಳದು, ಹೊಳ್ಳಿ ಅಲ್ಲೇ ಇಡಬೇಕು. ನಮ್ಮಪ್ಪ ಎಷ್ಟು ದೊಡ್ಡ ದನಿ ಮನುಷ್ಯ ಗೊತ್ತದಲ್ಲ ನಿಂಗ? ಆ ಹಲಗಿ ಮುಂದ ನಿಂತ್ರ ಅವಂಗ ದನಿನೇ ಇರ್ತಿರಲಿಲ್ಲ.” ಕಿಟಕಿಯಿಂದ ನನ್ನ ಕಡೆ ತಿರುಗಿ ಅಂದ, “ಈಗ ಹಲಗಿ ಹೋಯ್ತು. ಕುಡದು ಒಗಿಯಾ ಕಪ್ಪು ಬಂತು. ತೊಳಿಯಾ ತ್ರಾಸೂ ಇಲ್ಲ.”

“ಹಂಗಂತ ಸಾಹೇಬ್ರಿಗಿ ಹೇಳಬೇಕಿತ್ತಲ್ಲ ಮಾಮಾ. ವಾಸನಿ ಅಂತ ಯಾಕ ಹೇಳ್ಕೋತ ಬಂದಿ?”

“ವಾಸನಿ ಅಂದ್ರ ನಗತಾರ. ಖರೇ ಹೇಳಿದ್ರ ‘ಅಯ್ಯೋ ಪಾಪ’ ಅಂತಾರ. ನಗಲಿ ಬಿಡು. ಪಾಪ ಅನ್ನಿಸ್ಕೊಂಡು ದಿನಾ ಆ ಕುರ್ಚಿ ಮ್ಯಾಲ ಕುಂದ್ರಾಕ ನನ್ನಿಂದ ಆಗಾದಿಲ್ಲ.”

ಅವತ್ತಿನಿಂದ ಅವನ ಪ್ರತಿಯೊಂದು ತಕರಾರಿನ ಹಿಂದೆಯೂ ಏನೋ ಇದೆ ಎಂದು ಹುಡುಕುವ ಹುಚ್ಚು ನನಗೆ ಹಿಡಿಯಿತು. ಮುಂದಿನ ಬೆಂಚಿನ ಹಿಂದೆ ಏನಿದೆ ಎಂದು ಹುಡುಕಬೇಕಾಗಿಯೇ ಇರಲಿಲ್ಲ. ‘ನೀವ್ಯಾರು’ ಎಂಬ ಪ್ರಶ್ನೆ ನಮ್ಮ ಕಡೆ ‘ಯಾರ ಪೈಕಿ’ ಎಂಬಲ್ಲಿಗೇ ಹೋಗಿ ನಿಲ್ಲುತ್ತದೆ, ಅದೂ ಗೊತ್ತಿತ್ತು. ಆದರೆ ಮಿರ್ಚಿ ಭಜಿಯ ಹಿಂದೆ ಏನೂ ಇರಲಿಲ್ಲ. ಪುಂಡಿಪಲ್ಯದ ಬೆಲ್ಲದ ಹಿಂದೆಯೂ ಇರಲಿಲ್ಲ. ಅವು ಬರೀ ಹಟ. ಎಲ್ಲರಿಗೂ ಇರುವಂಥದ್ದೇ, ಅವನಿಗೆ ಒಂದು ಹಿಡಿ ಹೆಚ್ಚು. ನೋಯುವ ಮಾತೊಂದನ್ನು ಈ ಹುಡುಗಾಟದ ಮಾತುಗಳ ಗುಂಪಿನಲ್ಲಿ ಅವನೇ ಅಡಗಿಸಿಟ್ಟಿದ್ದ. ನೋಡಲು ಇಷ್ಟವಿಲ್ಲದವರಿಗೆ ಅದು ಭಾಳ ಅನುಕೂಲವಾಯಿತು.

ಸ್ವಲ್ಪ ದಿನಕ್ಕೆ ವರ್ಗಾವಣೆ ಬಂತು. ಚಿಂಚೋಳಿ ದಾಟಿ, ಕಾಡಿನಂಚಿನ ಕುಂಚಾವರಂ ಕಡೆಗೆ. ಕಪ್ಪಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಎಲ್ಲರೂ ಹೇಳಿದರು. ಕೇಳದಿದ್ದರೂ ಹೇಳಿದರು.

ಆ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆಯ ಮೈಯಲ್ಲಿ, ಅವನು ಅಲ್ಲಿ ಒಂದು ಕೋಣೆ ಹಿಡಿದು ಒಬ್ಬನೇ ಇದ್ದ. ಶನಿವಾರ ಬಸ್ಸು ಬದಲಿಸಿ ಬದಲಿಸಿ ವಾಡಿಗೆ ಬರುತ್ತಿದ್ದ. ಒಂದು ಶನಿವಾರ ಕುಂಟುತ್ತ ಬಂದ. ಚಪ್ಪಲಿ ಕಚ್ಚಿ ಕಾಲಿಗೆ ಗಾಯವಾಗಿತ್ತು, ಮೊದಲಿಗೆ ನೋವು ಗೊತ್ತಾಗಿರಲಿಲ್ಲ. ಅಲ್ಲಿ ಗಾಯ ತೊಳೆದು ಕಟ್ಟುವವರು ಯಾರೂ ಇರಲಿಲ್ಲ. ಹುಣ್ಣು ಮಾಯಲಿಲ್ಲ. ಕಲಬುರಗಿ ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಪಾದ.

ಅತ್ತಿ ಆಸ್ಪತ್ರೆಯ ವರಾಂಡದಲ್ಲಿ ನಿಂತು ಬೈದಳು. “ಒಂದು ಕಪ್ಪಿನ ಸಲುವಾಗಿ ಕಾಲು ಕಳಕೊಂಡ. ಸುಮ್ಕ ಕುಡದಿದ್ರ ಏನಾಗ್ತಿತ್ತು? ನಮ್ಮಪ್ಪನೂ ಅದೇ ಹಲಗಿ ಮುಂದ ನಿಂತು ಕುಡದಾನ. ಸತ್ತಿಲ್ಲ.”

ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ನನ್ನ ಕಡೆ ತಿರುಗಿದಳು. “ನಂಗ ಗೊತ್ತಿಲ್ಲಂತ ತಿಳಕೊಂಡೀ ಏನು? ಎಲ್ಲಾ ಗೊತ್ತದ. ಗೊತ್ತಿದ್ದೇ ಹೇಳ್ಲಿಕತ್ತೀನಿ. ಅವನ ಮರ್ಯಾದಿ ಅವನಿಗಿ ಇರಲಿ, ನಾಳೆ ಅವನ್ನ ಎತ್ತಿ ಕುಂದ್ರಸಾಕಿ ನಾನು.”

 

ನಿವೃತ್ತಿಯ ಕಾಗದ ಬಂದಾಗ ಅವನು ಹಾಸಿಗೆಯಲ್ಲಿದ್ದ. ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಕೊನೆಕೊನೆಗೆ ತಕರಾರುಗಳೇ ನಿಂತುಹೋದವು. ಪಲ್ಯಕ್ಕೆ ಬೆಲ್ಲ ಬಿದ್ದರೂ ಉಣ್ಣುತ್ತಿದ್ದ. ಫೋನಿನಲ್ಲಿ ‘ಯಾರು’ ಎಂದರೆ ತಾನೇ ಮೊದಲು ಹೆಸರು ಹೇಳುತ್ತಿದ್ದ. ನಮ್ಮವರು “ಈಗ ಶಾಣ್ಯಾ ಆಗ್ಯಾನ” ಎಂದು ಸಮಾಧಾನಪಟ್ಟರು. ನನಗೆ ಹೆದರಿಕೆಯಾಯಿತು. ಒಂದು ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ.

ವಾಡಿಯ ಬುದ್ಧ ವಿಹಾರದಲ್ಲಿ ನುಡಿನಮನ ಇಟ್ಟುಕೊಂಡೆವು. ಆ ಹೊತ್ತಿಗೆ ನಾನು ಸೇಡಂನಲ್ಲಿ ಹೈಸ್ಕೂಲ್ ಶಿಕ್ಷಕಿಯಾಗಿದ್ದೆ. ಚಿತ್ತಾಪುರದ ಕಚೇರಿಯ ಹಳೆಯ ಸಹೋದ್ಯೋಗಿಗಳು ಬಂದರು. ಸಾಹೇಬರೂ ಬಂದರು, ಅವರೂ ನಿವೃತ್ತರಾಗಿದ್ದರು. ಒಬ್ಬೊಬ್ಬರೂ ಎದ್ದು ಒಳ್ಳೆಯ ಮಾತೇ ಆಡಿದರು. ಭಜಿಯ ಕಥೆ ಬಂತು, ಬೀಗರ ಫೋನಿನ ಕಥೆ ಬಂತು. ಜನ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಕೊನೆಗೆ ಸಾಹೇಬರು ಎದ್ದು ಕೈ ಮುಗಿದರು.

“ಅಂಥಾ ಮನುಷ್ಯ ಸಿಗಾಂಗಿಲ್ರಿ. ಎಲ್ಲಾದಕ್ಕೂ ತಕರಾರು, ಆದ್ರ ಮನಸ್ಸು ಸ್ವಚ್ಛ. ಒಮ್ಮೆ ಏನಾತು ಗೊತ್ತೇನ್ರಿ? ಕಾಗದದ ಕಪ್ಪು ವಾಸನಿ ಹೊಡಿತದ ಅಂತ ನನ್ನ ಚೇಂಬರಿಗೇ ಬಂದುಬಿಟ್ರು!”

ನಾನು ಎದ್ದು ನಿಂತೆ. ಮಾತಾಡುವವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. “ವಾಸನಿ ಅಲ್ರಿ ಸರ್,” ಅಂದೆ. ಹಲಗೆಯ ಮಾತು ಹೇಳಿದೆ. ಅವತ್ತು ಪಿಂಗಾಣಿ ಕಪ್ಪು ಯಾರ ಯಾರ ಮುಂದಿತ್ತು, ಕಾಗದದ ಕಪ್ಪು ಯಾರ ಯಾರ ಮುಂದಿತ್ತು, ಅದನ್ನೂ ಹೇಳಿದೆ. ಬೆಂಚಿನಲ್ಲಿ ಕೂತು ನಾನೇ ನೋಡಿದ್ದು ಎಂದೆ. 

 ನಮ್ಮ ಹಿರಿಯರು ನೆಲ ನೋಡಿದರು. ಅವರಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಆಗ ಕಚೇರಿಯ ಹಳೆಯ ಗುಮಾಸ್ತರೊಬ್ಬರು ಗಂಟಲು ಸರಿಮಾಡಿಕೊಂಡು ಎದ್ದರು.

“ಅದೂ ಖರೇನೇ ಬಿಡವಾ... ಆದ್ರ ಕ್ಯಾಲೆಂಡರಿಂದು ನೆನಪದ ಏನ್ರಿ ನಿಮಗ? ತಿಂಗಳು ಮುಗಿಯೋಕಿಂತ ಒಂದಿನ ಮೊದಲ ಹಾಳಿ ತಿರುವಿದ್ರ ಮೈಮ್ಯಾಲೇ ಬರ್ತಿದ್ರು! ‘ಇನ್ನಾ ಒಂದಿನ ಅದ, ಅದೇನು ನಿಮ್ಮಪ್ಪಂದಾ?’ ಅಂತಿದ್ರು!”

ಸಭೆಗೆ ಸಭೆಯೇ ನಕ್ಕಿತು, ನೀರಲ್ಲಿ ಮುಳುಗಿದವರು ತಲೆ ಎತ್ತಿ ಉಸಿರು ಎಳೆದುಕೊಂಡ ಹಾಗೆ. ಅತ್ತಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕು ಎಷ್ಟು ವರ್ಷವಾಗಿತ್ತೋ. ನಾನು ನಿಂತೇ ಇದ್ದೆ. ಯಾರೂ ಕೂಡು ಅನ್ನಲಿಲ್ಲ, ಮುಂದೆ ಹೇಳು ಎಂದೂ ಅನ್ನಲಿಲ್ಲ. ಕೊನೆಗೆ ನಾನೇ ಕೂತೆ.

ಎಲ್ಲರೂ ಹೊರಡುವಾಗ ಸಾಹೇಬರು ವಿಹಾರದ ಬಾಗಿಲಲ್ಲಿ ನನಗಾಗಿ ತಡೆದು ನಿಂತರು. ಕ್ಷಮೆ ಕೇಳಬಹುದು ಎಂದುಕೊಂಡೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. ದನಿಯಲ್ಲಿ ನಿಜವಾದ ಅಕ್ಕರೆಯಿತ್ತು.

“ನೌಕರಿ ಮಾಡಾಕಿ ನೀನು, ಮುಂದ ಬರಬೇಕಾದಾಕಿ. ಸಣ್ಣ ಸಣ್ಣದೆಲ್ಲಾ ಮನಸ್ಸಿಗಿ ಹಚ್ಕೋಬ್ಯಾಡ ತಂಗಿ. ನಿಮ್ಮ ಮಾಮಾನಂಗ ಆಗಬ್ಯಾಡ.”

ನಾನು ಅವರ ಕೈಯನ್ನು ತಲೆಯಿಂದ ಮೆಲ್ಲಗೆ ತೆಗೆದೆ.

“ಆಗೇಬಿಟ್ಟೀನ್ರಿ ಸರ್,” ಅಂದೆ.