ಕತ್ತಿನೊಳಗಿನ ಬೀಟೆ ಆಣಿ

ನನಗೆ ಗಿಟಾರ್ ನುಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬಂದವರೆಲ್ಲ ಕೊನೆಗೆ ಅದನ್ನೇ ಕೇಳಿ ಹುಬ್ಬೇರಿಸುತ್ತಾರೆ. ಆದರೆ ಹಳೆಯ ಎಲೆಕ್ಟ್ರಿಕ್ ಗಿಟಾರ್ ಒಂದನ್ನು ಕೈಗೆ ಕೊಟ್ಟರೆ, ಅದರಲ್ಲಿ ಮೊದಲಿಂದ ಇದ್ದದ್ದು ಯಾವುದು, ಆಮೇಲೆ ಯಾರೋ ಸೇರಿಸಿದ್ದು ಯಾವುದು ಎಂದು ಬಿಡಿಸಿ ಹೇಳಬಲ್ಲೆ. ಮೈಸೂರು, ಬೆಂಗಳೂರು, ಕೊಚ್ಚಿಯಿಂದ ಜನ ಗೋಣಿಕೊಪ್ಪದ ನನ್ನ ಅಂಗಡಿ ಹುಡುಕಿಕೊಂಡು ಬರುವುದು ಇದಕ್ಕೇ. ಜಂಬ ಎನ್ನುವವರು ಎನ್ನಲಿ.

ಕೆಲಸ ಕಲಿತದ್ದು ಅಪ್ಪನಿಂದ. ಅವರು ಕೋವಿಗಳ ಮರದ ಭಾಗ ಮಾಡುತ್ತಿದ್ದ ಆಚಾರಿ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರ ಬಂತೆಂದರೆ ಪೂಜೆಗೆ ಇಡಬೇಕಾದ ಕೋವಿಗಳೆಲ್ಲ ನಮ್ಮ ಜಗಲಿಯಲ್ಲಿ ಸಾಲಾಗಿ ಒರಗಿರುತ್ತಿದ್ದವು. ಕೋವಿ ಬಿದ್ದರೆ ಮುರಿಯುವುದು ಕೈ ಹಿಡಿಯುವ ಸಪೂರ ಜಾಗದಲ್ಲಿ. ಗಿಟಾರ್ ಬಿದ್ದರೂ ಹಾಗೆಯೇ, ತಂತಿ ಬಿಗಿಯುವ ಬಿರಡೆಗಳ ಕೆಳಗೆ, ಕತ್ತು ತೆಳ್ಳಗಾಗುವಲ್ಲಿ. ಹೀಗಾಗಿ ಎಸ್ಟೇಟ್ ಕ್ಲಬ್ಬುಗಳಲ್ಲಿ ನುಡಿಸುವವರು ಮುರಿದ ಗಿಟಾರನ್ನೂ ಅಪ್ಪನ ಬಳಿ ತರುತ್ತಿದ್ದರು. ಅಪ್ಪ ಅದನ್ನು ಕೋವಿಯಂತೆಯೇ ಭುಜಕ್ಕೇರಿಸಿ, ಒಂದು ಕಣ್ಣು ಮುಚ್ಚಿ, ಕತ್ತು ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ತಂದವರು ನಗುತ್ತಿದ್ದರು. ಇವತ್ತಿಗೂ ನಾನು ನೋಡುವುದು ಹಾಗೆಯೇ, ಈಗ ಯಾರೂ ನಗುವುದಿಲ್ಲ.

ಸಂಗ್ರಹಕಾರರ ಲೆಕ್ಕಾಚಾರ ಬೇರೆಯೇ. ಅವರಿಗೆ ಗಿಟಾರ್ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು. ಬಿರಡೆ ಬದಲಿಸಿದ್ದರೆ ಮುಖ ಸಿಂಡರಿಸುತ್ತಾರೆ, ಆದರೂ ಹಳೆಯದನ್ನು ಮತ್ತೆ ಹಾಕಬಹುದಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ತಂತಿಯ ನಾದ ಹಿಡಿಯುವ ಪಿಕಪ್ ಹೊಸದನ್ನು ಕೂರಿಸಲು ಮರ ಕೊರೆದಿದ್ದರೆ, ಮೇಲೆ ಬೇರೆ ಬಣ್ಣ ಬಳಿದಿದ್ದರೆ ಬೆಲೆ ಕುಸಿಯಿತು. ಕತ್ತು ಮುರಿದು ಅಂಟಿಸಿದ್ದಾದರೆ ಅರ್ಧಕ್ಕರ್ಧ ಹೋದಂತೆ. ಹೆಸರುಳ್ಳ ಕೈ ಮಾಡಿದ ಮಾರ್ಪಾಡಾದರೆ ಮಾತ್ರ ಬೆಲೆ ಏರುವುದೂ ಉಂಟು. ನಾನು ಬರೆದುಕೊಡುವ ಕಾಗದದಲ್ಲಿ ಅದಕ್ಕೆಂದೇ ಒಂದು ಕಾಲಂ ಇದೆ: ‘ಮಾರ್ಪಾಡು ಮಾಡಿದವರು’. ಇಪ್ಪತ್ತು ವರ್ಷ ಅಲ್ಲಿ ‘ತಿಳಿದಿಲ್ಲ’ ಎಂದೇ ಬರೆದುಕೊಂಡು ಬಂದಿದ್ದೆ.

ಹೋದ ವರ್ಷ ಶ್ರೀಮಂಗಲದ ಕಡೆಯ ಹಿರಿಯ ಪ್ಲಾಂಟರ್ ಒಬ್ಬರು ತೀರಿಹೋದ ತಮ್ಮ ಅಣ್ಣನ ಗಿಟಾರ್ ತಂದರು. ಜೊತೆಗೆ ಅದನ್ನು ಕೊಳ್ಳಲು ಬಂದ ಬೆಂಗಳೂರಿನ ಒಬ್ಬ ಸಂಗ್ರಹಕಾರ. ಗಾಜಿನ ಬೀರುವಿನಲ್ಲಿ ಗಿಟಾರ್ ಇಟ್ಟು, ಕೆಳಗೆ ಒಂದು ಕಾರ್ಡಿನಲ್ಲಿ ನುಡಿಸಿದವರ ಹೆಸರು ಬರೆದಿಡುವುದು ಆತನ ಪದ್ಧತಿ. ಪ್ಲಾಂಟರಿಗೆ ಬೇಕಾಗಿದ್ದದ್ದು ಅದೇ, ಅಣ್ಣನ ಹೆಸರಿನ ಆ ಕಾರ್ಡು. ಸಂಗ್ರಹಕಾರನದು ಒಂದೇ ಷರತ್ತು: ಪಿಕಪ್ ಬದಲಾಗಿದ್ದರೆ ನಡೆಯುತ್ತದೆ, ಮುರಿದ ಕತ್ತು ಬೇಡ.

“ನೋಡಮ್ಮ, ನಮ್ಮಣ್ಣ ಇದಕ್ಕೆ ಒಂದು ಗೀರು ಬೀಳೋಕೂ ಬಿಟ್ಟವನಲ್ಲ,” ಎಂದರು ಪ್ಲಾಂಟರ್.

ಬಿರಡೆ ಬದಲಾಗಿತ್ತು, ಒಂದು ಪಿಕಪ್ಪೂ ಹೊಸದು. ಮರ ಕೊರೆದಿರಲಿಲ್ಲ, ಬಣ್ಣ ಹಳೆಯದೇ. ಗಿಟಾರ್ ಭುಜಕ್ಕೇರಿಸಿ ನೋಡಿದೆ, ಕತ್ತು ಬಾಣದಷ್ಟು ನೆಟ್ಟಗಿತ್ತು. ಕೊನೆಗೆ ಕಣ್ಣು ಮುಚ್ಚಿ ಹೆಬ್ಬೆರಳನ್ನು ಕತ್ತಿನುದ್ದಕ್ಕೂ ಎಳೆದೆ. ಬಿರಡೆಗಳ ಕೆಳಗೆ ಬೆರಳು ತಡವರಿಸಿತು. ಕಣ್ಣಿಗೆ ಏನೂ ಇಲ್ಲ. ಮನಸ್ಸು ಒಪ್ಪದೆ ಒಂದು ಬಿರಡೆಯ ಸ್ಕ್ರೂ ಬಿಚ್ಚಿದೆ. ಲೋಹದ ತಗಡಿನಡಿ, ಅಕ್ಕಿಕಾಳಿನಷ್ಟು ದಪ್ಪದ ಬೀಟೆ ಮರದ ಆಣಿಯ ತುದಿ ಕಂಡಿತು.

ಮುರಿದ ಮರ ಕೂಡಿಸಿದಾಗಲೆಲ್ಲ ಅಪ್ಪ ಒಳಗೆ ಇಂಥದ್ದೊಂದು ಆಣಿ ಹೊಡೆಯುತ್ತಿದ್ದರು, ಮೇಲೆ ಏನಾದರೂ ಮುಚ್ಚುವ ಜಾಗ ನೋಡಿ. “ಇದು ನನ್ನ ರುಜು. ಯಾರಿಗೂ ಕಾಣ್ಬೇಕಾಗಿಲ್ಲ,” ಎಂದು ಒಮ್ಮೆ ನನಗೆ ಹೇಳಿದ್ದರು. ಅವರು ಹೋಗಿ ಹನ್ನೊಂದು ವರ್ಷ.

ತಗಡು ಮುಚ್ಚಿ ಸುಮ್ಮನಿದ್ದಿದ್ದರೆ ಮೂವರಿಗೂ ಸುಖವಿತ್ತು. ಅಪ್ಪನೂ ಬಯಸಿದ್ದು ಅದನ್ನೇ ಅಲ್ಲವೇ ಎಂದು ಒಂದು ಗಳಿಗೆ ನನಗೆ ನಾನೇ ವಾದ ಮಾಡಿಕೊಂಡೆ. ಆದರೆ ಸುಳ್ಳು ಕಾಗದಕ್ಕೆ ನಾನು ಸಹಿ ಹಾಕಿದರೆ ಹಿಂದಿನ ಕಾಗದಗಳೆಲ್ಲ ರದ್ದಿ. ಅಲ್ಲದೆ, ಇಷ್ಟು ಚೆಂದದ ಕೆಲಸ ಯಾರದೆಂದು ಯಾರಿಗೂ ಗೊತ್ತಾಗದೆ ಹೋಗುವುದನ್ನು ನನಗೆ ಸಹಿಸಲಾಗಲಿಲ್ಲ. ಅದನ್ನೂ ಒಪ್ಪಿಕೊಳ್ಳುತ್ತೇನೆ.

“ಕತ್ತು ಒಂದ್ಸಲ ಮುರಿದಿದೆ ಅಂಕಲ್,” ಎಂದೆ.

ಪ್ಲಾಂಟರ್ ಮುಖ ಕೆಂಪಾಯಿತು. ಅಣ್ಣ ತಮ್ಮಿಂದ ಏನನ್ನೂ ಮುಚ್ಚಿಟ್ಟವನಲ್ಲವೆಂದು, ನನ್ನ ಕಣ್ಣೇ ಮಂಜಾಗಿದೆಯೆಂದು ದನಿ ಏರಿಸಿದರು. ಸಂಗ್ರಹಕಾರ ಭೂತಗನ್ನಡಿ, ಟಾರ್ಚು ತೆಗೆದು ಕತ್ತನ್ನು ತಿರುಗಿಸಿ ಮುರುಗಿಸಿ ನೋಡಿದ. ನಾನು ಬೆರಳಿಟ್ಟು ತೋರಿಸಿದ ಮೇಲೂ ಮರ ಕೂಡಿಸಿದ ಗೆರೆ ಅವನಿಗೆ ಸಿಗಲಿಲ್ಲ. ಎಲ್ಲಿ ಮೇಡಂ, ಎಲ್ಲಿ ಎಂದು ಅವನು ಕೇಳಿದಷ್ಟೂ ಸಲ ನನ್ನ ಬೆನ್ನು ನೆಟ್ಟಗಾಗುತ್ತ ಹೋಯಿತು. ಕೊನೆಗೆ ಆಣಿ ತೋರಿಸಿ, ಅದು ಯಾರದೆಂದು ಹೇಳಿದೆ.

ಪ್ಲಾಂಟರ್ ಬಗ್ಗಿ ಆಣಿಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಬೀಳಿಸಿಕೊಂಡು, ನಮ್ಮಪ್ಪಂಗೆ ಹೆದರಿ ಗುಟ್ಟಾಗಿ ತಂದಿರ್ತಾನೆ,” ಎಂದರು. ಆಮೇಲೆ ಕಣ್ಣೊರೆಸಿಕೊಂಡು ನಕ್ಕುಬಿಟ್ಟರು.

ಸಂಗ್ರಹಕಾರ ಗಿಟಾರನ್ನು ಕೆಳಗಿಡಲಿಲ್ಲ. ಬೆಲೆ ಇಳಿಸಿದ, ಷರತ್ತು ಬಿಟ್ಟ. ಅಣ್ಣನ ಹೆಸರಿನ ಕಾರ್ಡು ಇರುತ್ತದೆಂದ. ಕತ್ತು ಕೂಡಿಸಿದವರ ಹೆಸರನ್ನೂ ಅದರ ಕೆಳಗೆ ಹಾಕಬೇಕು, ಕಾಗುಣಿತ ತಪ್ಪದಂತೆ ಕಾಗದದಲ್ಲಿ ಬರೆದುಕೊಡಿ ಎಂದು ಕೇಳಿದ.

ಕಾಗದ ಎಳೆದುಕೊಂಡೆ. ಅಭ್ಯಾಸಬಲದಿಂದ ಆ ಕಾಲಂನಲ್ಲಿ ‘ತಿ’ ಎಂದು ಬರೆದೇಬಿಟ್ಟಿದ್ದೆ. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಅಪ್ಪನ ಹೆಸರನ್ನು ಇನಿಷಿಯಲ್ ಸಮೇತ ಪೂರ್ತಿಯಾಗಿ ಬರೆದೆ.